ಮೋಸ್ಟ್ ವಾಂಟೆಡ್‌ನ ಡ್ರ್ಯಾಗ್ ರೇಸ್ ಗೆಲ್ಲೋದು ಹೆಂಗೆ: ಕಣ್ಣು ರೋಡಿಗೆ, ಕಿವಿ ಗೇರಿಗೆ

ಮೊದ್ಲು ಯಾವ ಗೇಮ್ ಅಂತ ಹೇಳಿಬಿಡ್ತೀನಿ. 2005ರಲ್ಲಿ ಬಂದ ನೀಡ್ ಫಾರ್ ಸ್ಪೀಡ್ ಮೋಸ್ಟ್ ವಾಂಟೆಡ್, ಅದೇ ರಾಕ್‌ಪೋರ್ಟ್ ಸಿಟಿ, ಬ್ಲಾಕ್‌ಲಿಸ್ಟ್‌ನಲ್ಲಿ (ಒಬ್ಬೊಬ್ಬರಾಗಿ ಸೋಲಿಸಬೇಕಾದ ಬೀದಿ ರೇಸರ್‌ಗಳ ಪಟ್ಟಿ) 15 ಜನ, ಕೆಳಗೆ ಸನ್ನಿಯಿಂದ ಶುರುವಾಗಿ ಮೇಲೆ ರೇಜರ್‌ವರೆಗೂ, ಆ ಎಂ3 ಜಿಟಿಆರ್ ಕಾರು ವಾಪಸ್ ತಗೋಳೋ ಕಥೆ. 2012ರಲ್ಲಿ ಅದೇ ಹೆಸರಲ್ಲಿ ಇನ್ನೊಂದು ಬಂತು, ಅದು ಬೇರೆ ಆಟಾನೇ, ಇಲ್ಲಿ ಹೇಳೋದು ಅದಕ್ಕೆ ಹೊಂದಲ್ಲ. ನಮ್ಮ ದಾವಣಗೆರೆ ಕಡೆ ಹುಡುಗ್ರ ಹಳೇ ಲ್ಯಾಪ್‌ಟಾಪ್‌ನಲ್ಲಿ, ಹಾಸ್ಟೆಲ್ ರೂಮಿನ ಪಿಸಿಗಳಲ್ಲಿ ಈ 2005ರದ್ದು ಇನ್ನೂ ಓಡ್ತಾನೇ ಐತಿ, ದೊಡ್ಡ ಗ್ರಾಫಿಕ್ಸ್ ಕಾರ್ಡ್ ಕೇಳಲ್ಲ ನೋಡ್ರಿ ಅದಕ್ಕೆ.

ಸರ್ಕ್ಯೂಟ್, ಸ್ಪ್ರಿಂಟ್, ಟೋಲ್‌ಬೂತ್ ಎಲ್ಲಾ ಸರಾಗ ಗೆಲ್ಲೋರು, ಪೊಲೀಸರನ್ನ ಅರ್ಧ ಗಂಟೆ ಊರೆಲ್ಲಾ ಸುತ್ತಿಸೋರು, ಡ್ರ್ಯಾಗ್ ರೇಸ್ (ಹೆಚ್ಚುಕಮ್ಮಿ ನೇರ ರೋಡಲ್ಲಿ ನಡೆಯೋ ಚಿಕ್ಕ ಓಟ) ಬಂದ ತಕ್ಷಣ ಅಲ್ಲೇ ಕೂತುಬಿಡ್ತಾರೆ. ಇಂಜಿನ್ ಬ್ಲೋ ಆಯ್ತು ರೀಸ್ಟಾರ್ಟ್, ಎದುರಿಂದ ಗಾಡಿ ಬಂತು ಟೋಟಲ್ಡ್ (ಕಾರು ಪೂರ್ತಿ ನುಜ್ಜುಗುಜ್ಜು) ರೀಸ್ಟಾರ್ಟ್, ಕೊನೇ ಸೆಕೆಂಡಲ್ಲಿ ಪಕ್ಕದವ್ನು ಹಾದುಹೋದ ರೀಸ್ಟಾರ್ಟ್. ಬೇರೆ ರೇಸಲ್ಲಿ ಒಂದು ತಪ್ಪು ಮಾಡಿದ್ರೆ ಮುಂದಿನ ತಿರುವಿನಲ್ಲಿ ಸರಿ ಮಾಡ್ಕೋಬಹುದು, ಇಲ್ಲಿ ಹಂಗಿಲ್ಲ, ರೇಸೇ ಅಷ್ಟು ಚಿಕ್ಕದು, ಒಂದೇ ತಪ್ಪಿಗೆ ಮುಗೀತು. ಅದಕ್ಕೇ ಸಿಟ್ಟು ಬರೋದು. ಆದ್ರೆ ನನ್ನ ಕೇಳಿದ್ರೆ ಇಡೀ ಗೇಮ್‌ನಲ್ಲಿ ಕಲಿತ ಮೇಲೆ ಅತೀ ಖುಷಿ ಕೊಡೋದು ಈ ಡ್ರ್ಯಾಗೇ, ಯಾಕಂದ್ರೆ ಇಲ್ಲಿ ಕಾರು ಓಡಿಸೋ ಕೆಲಸ ಎರಡೇ, ಗೇರು ಮತ್ತು ಲೇನು, ಸ್ಟೀರಿಂಗ್ ಹೆಚ್ಚುಕಮ್ಮಿ ಗೇಮೇ ನೋಡ್ಕೊಳತ್ತೆ.

ಸೋಲೋದಕ್ಕೆ ಕಾರಣಾನೂ ಅಲ್ಲೇ ಐತಿ. ಡ್ರ್ಯಾಗಲ್ಲಿ ಆಟೋಮ್ಯಾಟಿಕ್ ಗೇರ್ ಇರಲ್ಲ, ನೀವೇ ಹಾಕ್ಬೇಕು. ಗೇರ್ ಹಾಕೋಕೆ ಇಂಜಿನ್ ಎಷ್ಟು ಜೋರಾಗಿ ತಿರುಗ್ತೈತಿ ಅಂತ ತೋರಿಸೋ ಮೀಟರ್ ನೋಡ್ಬೇಕು, ಮುಳ್ಳು ಹಸಿರು ಜಾಗಕ್ಕೆ ಬಂದಾಗ ಒತ್ತಿದ್ರೆ ಪರ್ಫೆಕ್ಟ್ ಶಿಫ್ಟ್, ಕೆಂಪಿಗೆ ಹೋಗಿ ಅಲ್ಲೇ ನಿಂತ್ರೆ ಇಂಜಿನ್ ಬಿಸಿಯಾಗಿ ಬ್ಲೋ ಆಗತ್ತೆ. ಅದೇ ಹೊತ್ತಿಗೆ ರೋಡ್ ಮೇಲೆ ಟ್ರಾಫಿಕ್ ಬರ್ತಾ ಇರತ್ತೆ, ಅದನ್ನೂ ನೋಡ್ಬೇಕು. ಕಣ್ಣು ಎರಡು ಕಡೆ ಓಡಾಡಿದ್ರೆ ಎರಡರಲ್ಲಿ ಒಂದು ಕೆಡೋದೇ. ಸ್ವಲ್ಪ ಲೆಕ್ಕ ಹಾಕಿ ನೋಡ್ರಿ, ಗಂಟೆಗೆ 250 ಕಿಲೋಮೀಟರ್ ಅಂದ್ರೆ ಸೆಕೆಂಡಿಗೆ ಹತ್ರ ಹತ್ರ 70 ಮೀಟರ್, ಆ ಮುಳ್ಳಿನ ಕಡೆ ಅರ್ಧ ಸೆಕೆಂಡ್ ಕಣ್ಣು ಹಾಯಿಸಿ ವಾಪಸ್ ಬರೋಷ್ಟರಲ್ಲಿ 35 ಮೀಟರ್ ದಾಟಿರ್ತೀರಿ, ಎದುರಿನ ಗಾಡಿನೂ ನಿಮ್ಮ ಕಡೆ ಬರ್ತಾ ಇದ್ರೆ ಇನ್ನೂ ಜಾಸ್ತಿ. ಹಂಗಾಗಿ ನಾನು ಹೇಳೋದು ಒಂದೇ ಮಾತು, ಗೇರನ್ನ ಕಣ್ಣಿಂದ ತಪ್ಪಿಸಿ ಕಿವಿಗೆ ಕೊಡ್ರಿ. ಹರಿಹರದಿಂದ ದಾವಣಗೆರೆಗೆ ಬರೋ ಬಸ್ಸಲ್ಲಿ ಮುಂದಿನ ಸೀಟಿಗೆ ಕೂತು ಡ್ರೈವರ್‌ನ ಗಮನಿಸಿ, ಗೇರ್ ಬದಲಾಯಿಸೋವಾಗ ಅವ್ರು ಮೀಟರ್ ನೋಡೋದೇ ಇಲ್ಲ, ಇಂಜಿನ್ ದನಿ ಏರಿದ್ದು ಕೇಳಿನೇ ಕೈ ಹೋಗತ್ತೆ. ಅದೇ ಇಲ್ಲೂ ಮಾಡ್ಬೇಕು.

ಆದ್ರೆ ಅದಕ್ಕಿಂತ ಮುಂಚೆ ಕೀಬೋರ್ಡ್. ಇದನ್ನ ಯಾರೂ ಹೇಳಲ್ಲ, ಎಷ್ಟೋ ಜನ ಸೋಲ್ತಿರೋದು ಗೇಮಿಗಲ್ಲ ವಿಂಡೋಸಿಗೆ.

ಪಿಸಿಯಲ್ಲಿ ಗೇಮ್ ಹಾಕಿದಾಗ ಗೇರ್ ಏರಿಸೋದು ಎಡಗಡೆ ಶಿಫ್ಟ್ ಕೀ, ನೈಟ್ರಸ್ (ಸ್ವಲ್ಪ ಹೊತ್ತು ಕಾರಿಗೆ ಜಾಸ್ತಿ ವೇಗ ಕೊಡೋದು) ಎಡಗಡೆ ಆಲ್ಟ್. ಈಗ ವಿಂಡೋಸ್‌ನಲ್ಲಿ ಶಿಫ್ಟ್ ಐದು ಸಲ ಸತತ ಒತ್ತಿದ್ರೆ ಸ್ಟಿಕಿ ಕೀಸ್ ಬೇಕಾ ಅಂತ ಒಂದು ಬಾಕ್ಸ್ ಎದ್ದು ಬರತ್ತೆ, ಡ್ರ್ಯಾಗಲ್ಲಿ ನೀವು ಮಾಡೋದೇ ಅದು, ಒಂದರಿಂದ ಮೇಲಿನ ಗೇರಿಗೆ ಶಿಫ್ಟ್ ಒತ್ತೋದು, ಸರಿಯಾಗಿ ಟಾಪ್ ಗೇರ್ ಹತ್ರ ಬಂದಾಗ ಗೇಮ್ ಮಿನಿಮೈಸ್ ಆಗಿ ಡೆಸ್ಕ್‌ಟಾಪ್ ದರ್ಶನ. ಇನ್ನೊಂದು, ನಮ್ಮಂಥೋರು ಕನ್ನಡ ಟೈಪ್ ಮಾಡೋಕೆ ವಿಂಡೋಸ್‌ನಲ್ಲಿ ಕನ್ನಡ ಕೀಬೋರ್ಡ್ ಸೇರಿಸಿಕೊಂಡಿರ್ತೀವಿ, ಆಗ ಎಡಗಡೆ ಆಲ್ಟ್ ಮತ್ತು ಶಿಫ್ಟ್ ಒಟ್ಟಿಗೆ ಬಿದ್ರೆ ಭಾಷೆ ಬದಲಾಗತ್ತೆ, ನೈಟ್ರಸ್ ಒತ್ತಿಕೊಂಡೇ ಗೇರ್ ಹಾಕಿದ್ರಿ ಅಂದ್ರೆ ಅದೇ ಆಯ್ತಲ್ಲ. ಸಾಲದ್ದಕ್ಕೆ ಆಲ್ಟ್ ಪಕ್ಕದಲ್ಲೇ ವಿಂಡೋಸ್ ಕೀ, ಬೆರಳು ಚೂರು ಜರುಗಿದ್ರೆ ಸ್ಟಾರ್ಟ್ ಮೆನು.

ಅದಕ್ಕೆ ಎರಡು ಕೆಲಸ ಮಾಡ್ರಿ. ಸೆಟಿಂಗ್ಸ್‌ಗೆ ಹೋಗಿ ಆಕ್ಸೆಸಿಬಿಲಿಟಿ ಒಳಗೆ ಕೀಬೋರ್ಡ್ ಅಂತ ಇರತ್ತೆ, ವಿಂಡೋಸ್ 10 ಆದ್ರೆ ಈಸ್ ಆಫ್ ಆಕ್ಸೆಸ್ ಒಳಗೆ, ಅಲ್ಲಿ ಸ್ಟಿಕಿ ಕೀಸ್ ಆಫ್ ಮಾಡಿ, ಅದರ ಐದು ಸಲ ಒತ್ತೋ ಶಾರ್ಟ್‌ಕಟ್ ಕೂಡ ಆಫ್ ಮಾಡಿ, ಎರಡೂ ಮಾಡ್ಬೇಕು. ಆಮೇಲೆ ಗೇಮ್‌ನ ಆಪ್ಷನ್ಸ್ ಒಳಗೆ ಕಂಟ್ರೋಲ್ಸ್‌ಗೆ ಹೋಗಿ ಗೇರ್ ಏರಿಸೋದನ್ನ ಡಿ ಗೆ, ನೈಟ್ರಸ್ ಎ ಗೆ ಇಟ್ಕೊಳ್ರಿ, ಬಲಗೈ ಆರೋ ಕೀ ಮೇಲೆ, ಎಡಗೈ ಎರಡು ಬೆರಳು ಈ ಎರಡರ ಮೇಲೆ. ಅಗ್ಗದ ಕೀಬೋರ್ಡ್‌ಗಳಲ್ಲಿ ಇನ್ನೊಂದು ತೊಂದ್ರೆ, ಮೂರು ಕೀ ಒಟ್ಟಿಗೆ ಒತ್ತಿದ್ರೆ ಮೂರನೇದು ಹೋಗೋದೇ ಇಲ್ಲ. ಇದನ್ನ ಚೆಕ್ ಮಾಡೋಕೆ ನೋಟ್‌ಪ್ಯಾಡ್ ಓಪನ್ ಮಾಡಿ ಮೇಲಿನ ಆರೋ ಮತ್ತು ಎಡಗಡೆ ಆರೋ ಎರಡನ್ನೂ ಒತ್ತಿ ಹಿಡ್ಕೊಂಡು ಡಿ ಒತ್ತಿ, ಅಕ್ಷರ ಬಿತ್ತಾ ನೋಡಿ, ಬಲಗಡೆ ಆರೋ ಜೊತೆನೂ ನೋಡಿ, ಬೀಳಲಿಲ್ಲ ಅಂದ್ರೆ ಬೇರೆ ಅಕ್ಷರ ಹುಡುಕ್ರಿ, ಒಂದಲ್ಲ ಒಂದು ಸಿಕ್ಕೇ ಸಿಗತ್ತೆ. ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾ ಆಡೋರು ಇದಾರೆ, ದಯವಿಟ್ಟು ಡ್ರ್ಯಾಗ್ ಹೊತ್ತಲ್ಲಿ ಬೇಡ, ಎಣ್ಣೆ ಬೆರಳು ಕೀ ಮೇಲೆ ಜಾರತ್ತೆ.

ಲ್ಯಾಪ್‌ಟಾಪ್ ಆದ್ರೆ ಚಾರ್ಜರ್ ಹಾಕಿ ಆಡ್ರಿ, ಬ್ಯಾಟರಿ ಮೇಲೆ ಇದ್ದಾಗ ಪವರ್ ಉಳಿಸೋಕೆ ಅಂತ ಅದೇ ಸ್ಪೀಡ್ ಇಳಿಸ್ಕೊಳತ್ತೆ, ಗೇಮ್ ತಡವರಿಸಿದ್ರೆ ಗೇರ್ ಟೈಮಿಂಗ್ ಹೋಯ್ತು. ಹೆಂಗೂ ಕರೆಂಟ್ ಹೋದ್ರೆ ಬ್ಯಾಟರಿಯಲ್ಲೇ ಆಡ್ಬೇಕಾಗತ್ತೆ, ಆಗ ಡ್ರ್ಯಾಗ್ ಬಿಟ್ಟು ಬೇರೇದು ಏನಾದ್ರೂ ಆಡಿ. ಶ್ಯಾಡೋ, ರಿಫ್ಲೆಕ್ಷನ್ ಎಲ್ಲಾ ಇಳಿಸಿಬಿಡಿ, ಚಂದ ಕಮ್ಮಿ ಆದ್ರೂ ಪರವಾಗಿಲ್ಲ, ಒಂದೇ ಸಮ ಓಡೋದು ಮುಖ್ಯ. ದೊಡ್ಡ ಟಿವಿಗೆ ಹಚ್ಚಿ ಆಡೋರು ಟಿವಿ ಸೆಟಿಂಗ್‌ನಲ್ಲಿ ಗೇಮ್ ಮೋಡ್ ಆನ್ ಮಾಡ್ಲೇಬೇಕು, ಇಲ್ಲಾಂದ್ರೆ ಟಿವಿ ಚಿತ್ರನ ಚಂದ ಮಾಡೋಕೆ ಹೋಗಿ ತಡವಾಗಿ ತೋರಿಸತ್ತೆ, ನೀವು ಹಸಿರು ಕಂಡಾಗ ಒತ್ತಿರ್ತೀರಿ ಗೇಮ್ ಒಳಗೆ ಆಗ್ಲೇ ಕೆಂಪು.

ಈಗ ಅಸಲಿ ಪ್ರಾಕ್ಟೀಸ್. ಕೆರಿಯರ್ (ಗೇಮ್‌ನ ಕಥೆ ಆಡೋ ಭಾಗ) ಒಳಗೆ ಸೋತು ಸೋತು ಕಲಿಯೋಕೆ ಹೋಗ್ಬೇಡಿ. ಮೇನ್ ಮೆನುವಿನ ಕ್ವಿಕ್ ರೇಸ್ ಒಳಗೆ ಕಸ್ಟಮ್ ರೇಸ್ ಐತಿ, ಅಲ್ಲಿ ಡ್ರ್ಯಾಗ್ ಆರಿಸಿ ಟ್ರಾಫಿಕ್ ಪೂರ್ತಿ ತೆಗೆದುಬಿಡಿ, ಎದುರಾಳಿಗಳನ್ನೂ ಕಮ್ಮಿ ಮಾಡಿ. ಆಡಿಯೋ ಸೆಟಿಂಗ್‌ನಲ್ಲಿ ಮ್ಯೂಸಿಕ್ ಸೊನ್ನೆಗೆ ಇಳಿಸಿ, ಇಂಜಿನ್ ಸೌಂಡ್ ಪೂರ್ತಿ ಏರಿಸಿ, ಹೆಡ್‌ಫೋನ್ ಇದ್ರೆ ಹಾಕಿ. ಹಾಡು ಚೆನ್ನಾಗವೆ ನಿಜ, ಆದ್ರೆ ಹಾಡಿನ ಬೀಟ್ ಕಿವಿಲಿ ಇದ್ರೆ ಇಂಜಿನ್ ದನಿ ಸಿಗಲ್ಲ.

ಶುರುವಿನಲ್ಲಿ ಕೌಂಟ್‌ಡೌನ್ ನಡೆಯುವಾಗ ಮುಳ್ಳನ್ನ ಹಸಿರಲ್ಲಿ ಹಿಡಿದು ಇಟ್ಕೋಬೇಕು, ಗೋ ಅಂದಾಗ ಹಸಿರಲ್ಲಿ ಇದ್ರೆ ಪರ್ಫೆಕ್ಟ್ ಲಾಂಚ್. ಕೀಬೋರ್ಡಲ್ಲಿ ಆಕ್ಸಿಲರೇಟರ್ ಅರ್ಧ ಒತ್ತೋಕೆ ಬರಲ್ಲ, ಒತ್ತಿದ್ರೆ ಪೂರ್ತಿ ಬಿಟ್ರೆ ಸೊನ್ನೆ, ಹಂಗಾಗಿ ಟಕ್ ಟಕ್ ಅಂತ ಒತ್ತಿ ಬಿಟ್ಟು ಒತ್ತಿ ಬಿಟ್ಟು ಇರಿಸ್ಕೋಬೇಕು, ಕೊನೇ ಎಣಿಕೆಗೆ ಒತ್ತಿ ಹಿಡಿದುಬಿಡಿ. ಇದಕ್ಕೆ ಮೀಟರ್ ನೋಡಬಹುದು, ಕಾರು ನಿಂತೇ ಇರತ್ತಲ್ಲ. ಹೊರಟ ಮೇಲೆ ಮಾತ್ರ ನೋಡಬಾರದು.

ನಮ್ಮ ಅಕ್ಕನ ಮಗ ವಿದ್ಯಾನಗರದಲ್ಲಿ ಇರ್ತಾನೆ, ಪಿಯುಸಿ, ಅವ್ನಿಗೆ ಇದೇ ಕಾಟ. ಪಕ್ಕದಲ್ಲಿ ಕೂತು ನೋಡ್ದೆ, ಅವ್ನ ಕಣ್ಣು ಪೂರ್ತಿ ಮೀಟರ್ ಮೇಲೆ. "ಮಾಮ, ಹಸಿರು ಬಂದಾಗ್ಲೇ ಒತ್ತಿದೀನಿ ನೋಡು, ಆದ್ರೂ ಪರ್ಫೆಕ್ಟ್ ಬರ್ತಿಲ್ಲ" ಅಂತಾನೆ. "ಹಸಿರು ಕಂಡ ಮೇಲೆ ಒತ್ತಿದ್ರೆ ಲೇಟಾತು ಕಣಪ್ಪ, ಬರೋಕೆ ಮುಂಚೆನೇ ಕೈ ಹೊರಡ್ಬೇಕು" ಅಂದೆ. ಕಂಡಿದ್ದು ತಲೆಗೆ ಹೋಗಿ ಬೆರಳಿಗೆ ಬರೋಕೆ ಮನುಷ್ಯಂಗೆ ಹೆಚ್ಚುಕಮ್ಮಿ ಸೆಕೆಂಡಿನ ಕಾಲು ಭಾಗ ಬೇಕು, ಒಂದನೇ ಗೇರಲ್ಲಿ ಮುಳ್ಳು ಹಸಿರು ದಾಟೋಕೆ ಅಷ್ಟೇ ಹೊತ್ತು ಸಾಕು. ಆಮೇಲೆ ಹಳೇ ಕ್ಯಾಲೆಂಡರ್ ಹಾಳೆ ಒಂದು ತುಂಡು ಹರಿದು ಸ್ಕ್ರೀನಲ್ಲಿ ಮೀಟರ್ ಬರೋ ಜಾಗದ ಮೇಲೆ ಸೆಲ್ಲೋಟೇಪ್ ಹಚ್ಚಿ ಮುಚ್ಚಿಬಿಟ್ಟೆ. "ಏನ್ ಮಾಮ ಇದು, ಕಾಣ್ತಾನೇ ಇಲ್ಲ" ಅಂದ, ಕಾಣೋದು ಬೇಡ ಕೇಳು ಅಂದೆ. ಮೊದ್ಲು ಇಂಜಿನ್ ಬ್ಲೋ ಮಾಡ್ಕೊಂಡ, ಮತ್ತೆ ಮಾಡ್ಕೊಂಡ, ಆಮೇಲೆ ದನಿ ಕೀರಲು ಆಗೋಕೆ ಸ್ವಲ್ಪ ಮುಂಚಿನ ಜಾಗ ಅವ್ನಿಗೆ ಸಿಕ್ತು, ಮುಖ ನೋಡಿದ್ರೇ ಗೊತ್ತಾಯ್ತು, ಗೇರ್ ಹಾಕಿ ಹಾಕಿ ತಾನೇ ನಗ್ತಾ ಇದ್ದ. ಪೇಪರ್ ತೆಗೆದ ಮೇಲೂ ಕಣ್ಣು ಮೀಟರಿಗೆ ಹೋಗ್ಲಿಲ್ಲ. ನೀವೂ ಪೇಪರ್ ಅಂಟಿಸಿ, ಇದಕ್ಕಿಂತ ಬೇಗ ಕಲಿಸೋ ದಾರಿ ನನಗೆ ಗೊತ್ತಿಲ್ಲ.

ಕಿವಿಗೆ ಏನು ಹುಡುಕ್ಬೇಕು ಅಂದ್ರೆ, ಪ್ರತಿ ಗೇರಲ್ಲೂ ದನಿ ಕೆಳಗಿಂದ ಏರ್ತಾ ಬರತ್ತೆ, ಒಂದು ಹಂತದಲ್ಲಿ ತುಂಬಿದ ಹಾಗೆ ಕೇಳತ್ತೆ, ಅದು ದಾಟಿದ್ರೆ ಕೀರಲಾಗಿ ಅಲ್ಲೇ ತಡಬಡಾಯಿಸತ್ತೆ, ಆ ತಡಬಡ ಅಂದ್ರೆ ಕೆಂಪು. ತುಂಬಿದ ದನಿಗೆ ಒತ್ತಬೇಕು. ಒಂದು ಎರಡನೇ ಗೇರು ಸಟ್ಟಂತ ಮುಗಿಯತ್ತೆ, ದನಿ ಏರೋಕೆ ಶುರುವಾದ ತಕ್ಷಣ ಬೆರಳು ರೆಡಿ ಇರ್ಲಿ, ಮೂರರಿಂದ ಮೇಲೆ ಏರೋದು ನಿಧಾನ, ಅಲ್ಲಿ ಆತುರ ಬೇಡ. ಅನುಮಾನ ಬಂದ್ರೆ ಬೇಗ ಹಾಕೋದೇ ಒಳ್ಳೇದು. ಬೇಗ ಹಾಕಿದ್ರೆ ಸ್ವಲ್ಪ ಎಳೆತ ಕಮ್ಮಿ ಆಗತ್ತೆ ಅಷ್ಟೇ, ತಡ ಮಾಡಿದ್ರೆ ಇಂಜಿನ್ನೇ ಹೋಗತ್ತೆ. ಕಾರಿಂದ ಕಾರಿಗೆ ದನಿ ಬೇರೆ, ಹಂಗಾಗಿ ಡ್ರ್ಯಾಗಿಗೆ ಅಂತ ಒಂದೇ ಕಾರು ಇಟ್ಕೊಂಡು ಅದರ ದನಿ ಪಳಗಿಸಿಕೊಳ್ರಿ, ದಿನಾ ಒಂದು ಕಾರು ಬದಲಾಯಿಸೋದು ಬೇಡ. ಸರ್ಕ್ಯೂಟ್, ಸ್ಪ್ರಿಂಟ್ ಕೂಡ ಮ್ಯಾನುವಲ್ ಗೇರಲ್ಲೇ ಆಡಿದ್ರೆ ಕಿವಿ ತಾನಾಗೇ ತಯಾರಾಗತ್ತೆ.

ಗೇರು ಕಿವಿಗೆ ಬಂತು ಅಂದ್ಮೇಲೆ ಟ್ರಾಫಿಕ್ ಮೊದ್ಲು ಸ್ವಲ್ಪ, ಆಮೇಲೆ ಪೂರ್ತಿ ಹಾಕಿ ಪ್ರಾಕ್ಟೀಸ್ ಮಾಡಿ. ಈಗ ಕಣ್ಣು ಖಾಲಿ ಐತಿ, ಅದನ್ನ ದೂರ ಇಡ್ರಿ. ನಿಮ್ಮ ಕಾರಿನ ಬಾನೆಟ್ ಮುಂದೆ ನೋಡ್ಬೇಡಿ, ರೋಡ್ ಸಣ್ಣಗೆ ಆಗೋ ಜಾಗ ಐತಲ್ಲ ಅಲ್ಲಿ ನೋಡಿ, ಅಲ್ಲಿ ಚುಕ್ಕಿ ತರ ಕಾಣೋದು ಇನ್ನೇನು ನಿಮ್ಮ ಮುಂದೆ ಬರೋ ಗಾಡಿ. ಲೇನ್ ಬದಲಾಯಿಸೋಕೆ ಆರೋ ಕೀ ಒಂದು ಸಲ ತಟ್ಟಿದ್ರೆ ಒಂದು ಲೇನ್, ಒತ್ತಿ ಹಿಡಿಯೋದು ಬೇಡ, ಹೆದರಿ ಒತ್ತಿ ಹಿಡಿದಾಗ್ಲೇ ಎರಡು ಲೇನ್ ದಾಟಿ ಎದುರುಗಡೆ ಗಾಡಿಗೆ ಹೊಡೆಯೋದು. ಎರಡು ಲೇನ್ ಹೋಗ್ಬೇಕು ಅಂದ್ರೆ ಒಂದು ಮುಗಿದ ಮೇಲೆ ಇನ್ನೊಂದು ತಟ್ಟಿ. ಪಕ್ಕದಲ್ಲಿ ಎದುರಾಳಿ ಇದಾನಾ ಅನ್ನೋದೂ ನೋಡ್ಕೊಳ್ರಿ, ಅವ್ನಿಗೆ ತಾಗಿದ್ರೆ ಲೇನ್ ಬದಲಾಗಲ್ಲ, ನಡುವೆ ಸಿಕ್ಕಾಕೊಂಡು ಮುಂದಿನ ಗಾಡಿಗೆ ಹೋಗಿ ಬೀಳ್ತೀರಿ. ರೋಡ್ ತಿರುಗೋ ಜಾಗ, ನಡುವೆ ಡಿವೈಡರ್ ಶುರುವಾಗೋ ಜಾಗ, ಇವೆಲ್ಲಾ ಪ್ರತಿ ಸಲ ಅಲ್ಲೇ ಇರ್ತವೆ, ಅದನ್ನ ನೆನಪಿಟ್ಕೊಂಡ್ರೆ ಯಾವ ಲೇನಲ್ಲಿ ಇರ್ಬೇಕು ಅಂತ ಮುಂಚೆನೇ ಗೊತ್ತಿರತ್ತೆ.

ಅತೀ ಕಷ್ಟದ ಗಳಿಗೆ ಅಂದ್ರೆ ಗೇರ್ ಹಾಕೋ ಹೊತ್ತು ಮತ್ತು ಲೇನ್ ಬದಲಾಯಿಸೋ ಹೊತ್ತು ಒಟ್ಟಿಗೆ ಬಂದಾಗ. ಎರಡೂ ಒಂದೇ ಸಲ ಮಾಡೋಕೆ ಹೋಗ್ಬೇಡಿ. ದೂರದಲ್ಲಿ ಗಾಡಿ ಕಂಡಾಗ್ಲೇ, ಇನ್ನೂ ದನಿ ತುಂಬೋಕೆ ಟೈಮ್ ಇದ್ದಾಗ್ಲೇ ಲೇನ್ ಬದಲಾಯಿಸಿಬಿಡಿ. ಆಗ್ಲಿಲ್ಲ, ಎರಡೂ ಮೈಮೇಲೆ ಬಂತು ಅಂದ್ರೆ ಲೇನ್ ಮೊದ್ಲು, ಗೇರ್ ಆಮೇಲೆ. ಕೆಂಪಲ್ಲಿ ಒಂದು ಕ್ಷಣ ಇದ್ರೆ ಇಂಜಿನ್ ಸಾಯಲ್ಲ, ತುಂಬಾ ಹೊತ್ತು ಇದ್ರೆ ಮಾತ್ರ, ಗಾಡಿಗೆ ಎದುರಾ ಎದುರು ಹೊಡೆದ್ರೆ ಮಾತ್ರ ಅಲ್ಲಿಗೇ ಮುಗೀತು. ಒಂದು ಪರ್ಫೆಕ್ಟ್ ಶಿಫ್ಟ್ ಹೋದ್ರೂ ರೇಸ್ ಗೆಲ್ಲಬಹುದು.

ನೈಟ್ರಸ್ ವಿಷ್ಯಕ್ಕೆ ಬಂದ್ರೆ, ಹೊರಟ ತಕ್ಷಣ ಒತ್ತೋದು ಬೇಡವೇ ಬೇಡ. ಒಂದು ಎರಡನೇ ಗೇರಲ್ಲಿ ಮುಳ್ಳು ಮೊದ್ಲೇ ಓಡ್ತಿರತ್ತೆ, ನೈಟ್ರಸ್ ಬೇರೆ ಸೇರಿದ್ರೆ ಹಸಿರು ಬಂದಿದ್ದೂ ಹೋಗಿದ್ದೂ ಗೊತ್ತಾಗಲ್ಲ. ಮೂರನೇ ಗೇರಿಂದ ಮೇಲೆ, ಗೇರ್ ಹಾಕಿದ ಕೂಡ್ಲೇ ಒತ್ತಿ, ಮುಂದಿನ ಗೇರ್ ಹತ್ರ ಬಂದಾಗ ಬಿಡಿ, ಗೇರ್ ಹಾಕಿ ಮತ್ತೆ ಒತ್ತಿ. ನೈಟ್ರಸ್ ಒತ್ತಿದಾಗ ಸ್ಕ್ರೀನ್ ಮಸುಕಾಗಿ ಅದುರತ್ತೆ, ದೂರದ ಗಾಡಿ ಕಾಣಲ್ಲ, ಹಂಗಾಗಿ ಮುಂದೆ ರೋಡ್ ಖಾಲಿ ಅಂತ ನೋಡ್ಕೊಂಡೇ ಒತ್ತಬೇಕು.

ಎಲ್ಲಾ ಕಡೆ ಖರ್ಚು ಮಾಡದೇ ಒಂದಿಷ್ಟು ಕೊನೆಗೆ ಉಳಿಸ್ಕೊಳ್ರಿ. ಯಾಕಂದ್ರೆ ಈ ಗೇಮ್‌ನಲ್ಲಿ ಕ್ಯಾಚ್ ಅಪ್ ಅಂತ ಒಂದು ವ್ಯವಸ್ಥೆ ಐತಿ, ನೀವು ಮುಂದೆ ಇದ್ರೆ ಹಿಂದಿನವರು ಜೋರಾಗಿ ಬರ್ತಾರೆ, ನೀವು ಹಿಂದೆ ಬಿದ್ರೆ ಮುಂದಿನವರು ಸ್ವಲ್ಪ ಮೆತ್ತಗಾಗ್ತಾರೆ. ಕಸ್ಟಮ್ ರೇಸಲ್ಲಿ ಇದನ್ನ ಆಫ್ ಮಾಡಬಹುದು, ಕೆರಿಯರಲ್ಲಿ ಆಗಲ್ಲ. ಇದು ಗೊತ್ತಿದ್ರೆ ಆಟ ಆಡೋ ರೀತಿನೇ ಬದಲಾಗತ್ತೆ, ಅರ್ಧ ದಾರಿಲಿ ಎರಡನೇ ಜಾಗದಲ್ಲಿ ಇದ್ರೆ ಗಾಬರಿ ಆಗೋದೇನೂ ಇಲ್ಲ, ಅವ್ನ ಬಾಲ ಹಿಡ್ಕೊಂಡು ಹೋಗಿ, ಗೆರೆ ಹತ್ರ ಬಂದಾಗ ಟಾಪ್ ಗೇರಲ್ಲಿ ಉಳಿಸಿಟ್ಟ ನೈಟ್ರಸ್ ಪೂರ್ತಿ ಬಿಡಿ. ಶುರುವಿನಲ್ಲೇ ಎಲ್ಲಾ ಸುರಿದು ಮುಂದೆ ಹೋದ್ರೆ ಆ ಮುನ್ನಡೆ ಹೆಂಗೂ ಉಳಿಯಲ್ಲ.

ಕಾರಿನ ಬಗ್ಗೆ ಜಾಸ್ತಿ ಹೇಳೋದಿಲ್ಲ. ದುಡ್ಡು ಕಮ್ಮಿ ಇದ್ರೆ ಇಂಜಿನ್, ಟ್ರಾನ್ಸ್‌ಮಿಷನ್, ನೈಟ್ರಸ್, ಟೈರ್ ಇವಕ್ಕೆ ಹಾಕಿ, ಬ್ರೇಕು ಸಸ್ಪೆನ್ಷನ್ ಡ್ರ್ಯಾಗಿಗೆ ಅಷ್ಟು ಬೇಕಾಗಲ್ಲ. ವಿನೈಲು, ಸ್ಪಾಯ್ಲರು ಅಂತ ಚಂದಕ್ಕೆ ಸುರಿಯೋದು ಆಮೇಲೆ. ರೈವಲ್‌ನ (ಬ್ಲಾಕ್‌ಲಿಸ್ಟ್ ಎದುರಾಳಿನ) ಸೋಲಿಸಿದಾಗ ಸಿಗೋ ಮಾರ್ಕರ್‌ಗಳಲ್ಲಿ, ಅಂದ್ರೆ ಬಹುಮಾನಗಳಲ್ಲಿ, ಜಂಕ್‌ಮ್ಯಾನ್ ಪಾರ್ಟ್ (ಮಾಮೂಲಿಗಿಂತ ಜೋರಾದ ಬಿಡಿಭಾಗ) ಬಂದ್ರೆ ಅದನ್ನ ಇಂಜಿನ್ ಕಡೆಗೇ ಬಳಸೋದು ಒಳ್ಳೇದು ಅನ್ನೋದು ನನ್ನ ಅಭಿಪ್ರಾಯ. ಟ್ಯೂನಿಂಗ್ ಸ್ಲೈಡರ್‌ನಲ್ಲಿ ಏರೋಡೈನಮಿಕ್ಸ್ ಟಾಪ್ ಸ್ಪೀಡ್ ಕಡೆಗೆ ಎಳೀರಿ, ತಿರುವು ಹಿಡಿಯೋ ಕೆಲಸ ಇಲ್ಲಿಲ್ಲ. ನೈಟ್ರಸ್ ಸ್ಲೈಡರ್‌ನ ಜಾಸ್ತಿ ಹೊತ್ತು ಬರೋ ಕಡೆ ಇಡ್ರಿ, ಒಂದೇ ಏಟಿಗೆ ಜೋರಾಗಿ ಹೋಗೋದು ಕಲಿಯೋವಾಗ ಬೇಡ, ಕೈ ಕೂತ ಮೇಲೆ ಬದಲಾಯಿಸ್ಕೋಬಹುದು.

ಇಷ್ಟಾದ್ರೂ ಒಂದು ಟ್ರ್ಯಾಕ್ ಕೈಗೆ ಹತ್ತುತಾ ಇಲ್ಲ ಅಂದ್ರೆ ಬಿಟ್ಟು ಮುಂದೆ ಹೋಗ್ರಿ. ಪ್ರತಿ ಬ್ಲಾಕ್‌ಲಿಸ್ಟ್ ಹಂತಕ್ಕೂ ಇಷ್ಟು ರೇಸ್ ಗೆದ್ರೆ ಸಾಕು ಅಂತ ಒಂದು ಲೆಕ್ಕ ಇರತ್ತೆ, ಸಾಮಾನ್ಯವಾಗಿ ಲಿಸ್ಟಲ್ಲಿ ಅದಕ್ಕಿಂತ ಜಾಸ್ತಿ ರೇಸ್ ಇರ್ತವೆ, ಹಂಗಾಗಿ ಉಳಿದವನ್ನ ಗೆದ್ದು ಲೆಕ್ಕ ತುಂಬಿಸಬಹುದು. ತಪ್ಪಿಸ್ಕೊಳ್ಳೋಕೆ ಆಗದೇ ಇರೋದು ರೈವಲ್ ಜೊತೆಗಿನ ಚಾಲೆಂಜಲ್ಲಿ ಡ್ರ್ಯಾಗ್ ಇದ್ದಾಗ ಮಾತ್ರ, ಕೆಲವರ ಹತ್ರ ಇರತ್ತೆ. ಅಂಥೋನು ಬಂದ್ರೆ ನೇರ ಅವ್ನ ಹತ್ರ ಹೋಗ್ಬೇಡಿ, ಮೊದ್ಲು ಅದೇ ಕಾರಲ್ಲಿ ಕಸ್ಟಮ್ ಡ್ರ್ಯಾಗ್ ಪೂರ್ತಿ ಟ್ರಾಫಿಕ್ ಹಾಕಿ, ಮೀಟರ್ ಮೇಲೆ ಪೇಪರ್ ಅಂಟಿಸಿ ಓಡಿಸಿ, ಕಿವಿ ಬಿಸಿಯಾಗ್ಲಿ, ಇಂಜಿನ್ ಬ್ಲೋ ಆಗದೇ, ಗಾಡಿಗೆ ತಾಗದೇ ಗೆರೆ ಮುಟ್ಟೋದು ಸತತ ಬರೋಕೆ ಶುರುವಾದ ಮೇಲೆ ಪೇಪರ್ ಕಿತ್ತು ರೈವಲ್‌ನ ಕರೀರಿ.